ಮೇವಿನ ಮೀನು

"ಒಂದನೇ ನಮಸ್ಕಾರ" ಎಂದು ಕರಿ ಕೋಟಿನವನು ಕೂಗಿದ. ಸಾಲಾಗಿ ನಿಂತಿದ್ದ ಹನ್ನೊಂದು ಜನ ಸೊಂಟ ಬಗ್ಗಿಸಿದರು. ಕ್ವಾನ್ ಶಿಂಗ್ ಬಗ್ಗಿಸಲಿಲ್ಲ. ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ. ಹಿರಿಯನಾದವನು ಕಿರಿಯನ ಪಟಕ್ಕೆ ತಲೆ ಬಾಗಿಸುವ ಪದ್ಧತಿಯಿಲ್ಲ. ಅಣ್ಣನಿಗಿಂತ ಮುಂಚೆ ಸತ್ತಿದ್ದೇ ಒಂದು ಅಧಿಕಪ್ರಸಂಗ, ಅದಕ್ಕೆ ನಮಸ್ಕಾರ ಬೇರೆ ಕೇಡು ಎಂದುಕೊಂಡು ಅವನು ಕೈಗಳನ್ನು ಬೆನ್ನಿಗೆ ಕಟ್ಟಿ, ತಮ್ಮ ಯಿಮ್‌ನ ಪಟವನ್ನು ಹರಾಜಿಗೆ ಬಂದ ಮಾಲು ನೋಡುವ ಹಾಗೆ ನೋಡಿದ.

ಪಟ ಚೆನ್ನಾಗಿರಲಿಲ್ಲ. ಕೆಲಸದ ಗುರುತಿನ ಚೀಟಿಯಲ್ಲಿದ್ದ ಫೋಟೊವನ್ನೇ ದೊಡ್ಡದು ಮಾಡಿಸಿದ್ದರು. ಯಾರದೋ ಕಾಲು ತುಳಿದು ಕ್ಷಮೆ ಕೇಳುತ್ತಿರುವವನ ಹಾಗೆ ಯಿಮ್ ಅದರಲ್ಲಿ ನಗುತ್ತಿದ್ದ. ಅರವತ್ತಾರು ವರ್ಷ ಬದುಕಿದವನಿಗೆ ಒಂದು ನೆಟ್ಟಗಿನ ಫೋಟೊ ಇಲ್ಲ. ಹಾಲ್ ಆದರೋ ಆ ಕಟ್ಟಡದಲ್ಲೇ ಅತಿ ಚಿಕ್ಕದು. ಪಕ್ಕದ ದೊಡ್ಡ ಹಾಲಿನಲ್ಲಿ ಯಾವನೋ ಹಡಗಿನ ಸಾಹುಕಾರನ ಶವವಿತ್ತು, ಅವನ ಹೂವಿನ ಚಕ್ರಗಳು ಮೆಟ್ಟಿಲವರೆಗೂ ಬಂದು ನಿಂತಿದ್ದವು. ಇಲ್ಲಿ ಇದ್ದವು ಐದೇ ಐದು. ಅದರಲ್ಲಿ ದೊಡ್ಡದು ತನ್ನದು ಎಂಬುದೊಂದೇ ಶಿಂಗ್‌ನಿಗೆ ಸಮಾಧಾನ.

ಬಂದ ಜನವಾದರೂ ಎಂಥವರು. ಪುರಸಭೆಯ ಈಜುಕೊಳದಲ್ಲಿ ಮೂವತ್ತೊಂದು ವರ್ಷ ನೀರು ಪರೀಕ್ಷೆ ಮಾಡಿಕೊಂಡಿದ್ದವನ ಸಾವಿಗೆ ಇನ್ನೆಂಥವರು ಬರಬೇಕು? ಇಬ್ಬರು ನಿವೃತ್ತ ಕಾವಲುಗಾರರು, ಟಿಕೆಟ್ ಹರಿಯುವ ಹೆಂಗಸು, ಬೆಳಗ್ಗೆ ಆರೂವರೆಗೆ ಬಂದು ಈಜುವ ಮುದುಕಿಯರ ಒಂದು ಗುಂಪು. ಅವರಲ್ಲೊಬ್ಬಳ ಕೂದಲು ಇನ್ನೂ ಒದ್ದೆಯಾಗಿತ್ತು. ಈಜು ತಪ್ಪಿಸಬಾರದೆಂದು ಕೊಳಕ್ಕೆ ಹೋಗಿ, ಅಲ್ಲಿಂದ ನೇರ ಸಾವಿಗೆ ಬಂದಿದ್ದಳು. ಮಕ್ಕಳು ಉಚ್ಚೆ ಹೊಯ್ದ ನೀರಿಗೆ ಔಷಧಿ ಸುರಿಯುವುದೇ ಬದುಕಾದವನಿಗೆ ಇದು ತಕ್ಕ ಮೆರವಣಿಗೆಯೇ ಸರಿ ಎಂದು ಶಿಂಗ್ ಮೂಗು ಮುರಿದ.

ಶಿಂಗ್‌ನದು ಬೀಟೆ ಮರದ ಮೇಜು ಕುರ್ಚಿಗಳ ಅಂಗಡಿ. ಅಂಗಡಿಯ ನಟ್ಟನಡುವೆ ಆರಡಿ ಗಾಜಿನ ತೊಟ್ಟಿ, ಅದರೊಳಗೆ ಒಂದೇ ಒಂದು ಕೆಂಪು ಡ್ರ್ಯಾಗನ್ ಮೀನು. ತಳದಲ್ಲಿ ಕಲ್ಲಿಲ್ಲ, ಗಿಡವಿಲ್ಲ, ರಾಜನ ಕೋಣೆಯಲ್ಲಿ ಕಸ ಇರಕೂಡದು. ಕುರ್ಚಿ ನೋಡಲು ಬಂದವರು ಮೊದಲು ಮೀನು ನೋಡುತ್ತಿದ್ದರು, ಮೀನು ನೋಡಿದ ಮೇಲೆ ಬೆಲೆ ಚೌಕಾಸಿ ಮಾಡಲು ನಾಚುತ್ತಿದ್ದರು. ತಮ್ಮನೂ ಮೀನು ಸಾಕುತ್ತಾನೆಂದು ಯಾರಾದರೂ ಹೇಳಿದರೆ ಶಿಂಗ್‌ನ ಮುಖ ಸಿಂಡರಿಸುತ್ತಿತ್ತು. "ಅವನು ಸಾಕೋದು ಹುಲ್ಲು. ಹುಲ್ಲಿನ ಜತೆ ಒಂದಷ್ಟು ಹುಳ ಇರ್ತವೆ" ಎನ್ನುತ್ತಿದ್ದ.

ಪುರೋಹಿತರು ಚಹಾಕ್ಕೆ ಎದ್ದಾಗ ತಮ್ಮನ ಹೆಂಡತಿ ಸೌ-ಹಾ ಬಿಳಿ ಸೂತಕದ ಬಟ್ಟೆಯಲ್ಲೇ ಅವನ ಹತ್ತಿರ ಬಂದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಭಾವ, ಒಂದು ಕೆಲಸ ಆಗ್ಬೇಕು. ನೀವೇ ಮಾಡ್ಬೇಕು."

ಪಂಚಾಂಗ ನೋಡಿದ್ದಾರಂತೆ. ಸತ್ತವನು ಕೊನೆಯ ಸಲ ಮನೆ ನೋಡಲು ಬರುವ ರಾತ್ರಿ ಇವತ್ತೇ ಬಿದ್ದಿದೆಯಂತೆ. ಅನ್ನ, ಮೊಟ್ಟೆ, ಹೆಂಡ ಎಲ್ಲಕ್ಕೂ ಹೇಳಿಯಾಗಿದೆ. ಆದರೆ ಮನೆಯಲ್ಲಿರುವ ಯಿಮ್‌ನ ಮೀನಿನ ತೊಟ್ಟಿ ಒಂದು ವರ್ಷದಿಂದ ಖಾಲಿ. ಹುಲ್ಲು ಬೆಳೆದಿದೆ, ಪಾಚಿ ಬೆಳೆದಿದೆ, ಮೀನು ಮಾತ್ರ ಒಂದೂ ಇಲ್ಲ. ಗಂಡ ಬಂದರೆ ಮೊದಲು ನೋಡುವುದೇ ಅದನ್ನು. ಸಾಯಂಕಾಲದೊಳಗೆ ಮೀನು ತಂದು ಬಿಡಬೇಕು, ತನಗೆ ಯಾವುದೂ ತಿಳಿಯುವುದಿಲ್ಲ ಎಂದಳು.

"ಅದಕ್ಕೇನಂತೆ, ಯಾವುದಾದ್ರೂ ಒಂದಿಪ್ಪತ್ತು ತರಿಸಿ ಸುರಿಸ್ತೀನಿ" ಎಂದ ಶಿಂಗ್.

"ಯಾವುದಾದ್ರೂ ಅಲ್ಲ ಭಾವ. ನೀವು ಆರಿಸಿದ್ದು."

ಇಷ್ಟು ಹೇಳಿ ಅವಳು ಹೋಗಿ ಮತ್ತೆ ಶವದ ಪಕ್ಕ ಕೂತಳು. ಆ ತೊಟ್ಟಿ ಯಾಕೆ ಖಾಲಿಯಾಯಿತು ಎಂಬುದು ಈ ಭೂಮಿಯ ಮೇಲೆ ಶಿಂಗ್ ಒಬ್ಬನಿಗೇ ಗೊತ್ತಿತ್ತು, ಅಥವಾ ಅವನು ಹಾಗೆ ತಿಳಿದಿದ್ದ.

*

ಹೋದ ವರ್ಷದ ಬೇಸಿಗೆ. ಸೌ-ಹಾಳ ತಾಯಿಗೆ ತೊಂಬತ್ತು ತುಂಬಿತೆಂದು ಗಂಡ ಹೆಂಡತಿ ನಾಲ್ಕು ದಿನ ಅವಳ ತವರು ಫೋಶಾನಿಗೆ ಹೊರಟಿದ್ದರು. ಮಗಳು ಹೋಯ್-ಯಾನ್‌ಗೆ ಬಸ್ ಡಿಪೊದಲ್ಲಿ ಎರಡು ಪಾಳಿ. ಹಾಗಾಗಿ ಯಿಮ್ ಮನೆಯ ಬೀಗದ ಕೈ ತಂದು ಅಣ್ಣನ ಕೈಗಿಟ್ಟ. ದಿನಕ್ಕೆ ಒಂದು ಚಿಟಿಕೆ ತಿಂಡಿ, ಅಷ್ಟೇ ಕೆಲಸ ಎಂದ. ಹೋದವನು ರೈಲು ನಿಲ್ದಾಣದಿಂದ ಫೋನ್ ಮಾಡಿ ಮತ್ತೆ ಹೇಳಿದ: "ಸಿಲಿಂಡರ್ ಮಾತ್ರ ಮುಟ್ಬೇಡ ಅಣ್ಣ. ನಾಲ್ಕು ದಿನ ರಾತ್ರೀನೂ ತೊಂದ್ರೆ ಆಗ್ದಷ್ಟು ಕಮ್ಮಿ ಅಳೆದು ಇಟ್ಟಿದೀನಿ."

ಐವತ್ತು ವರ್ಷದಿಂದ ಮೀನು ಸಾಕಿದವನಿಗೆ ಈಜುಕೊಳದವನು ಪಾಠ ಹೇಳುತ್ತಾನೆ. ಶಿಂಗ್ ಮರುದಿನ ಹದಿನೇಳನೇ ಮಹಡಿ ಹತ್ತಿ ಬಾಗಿಲು ತೆಗೆಯುವಾಗಲೇ ಅರ್ಧ ಉರಿದುಕೊಂಡಿದ್ದ. ಕಿಟಕಿಯ ಪಕ್ಕ ಮೂರಡಿಯ ತೊಟ್ಟಿ. ಒಳಗೆ ಕಲ್ಲಿನ ಎರಡು ಗುಡ್ಡ, ಗುಡ್ಡಕ್ಕೆ ಪಾಚಿ, ಗುಡ್ಡದ ಬುಡದಲ್ಲಿ ಕೂದಲಿನಂಥ ಹುಲ್ಲು, ಹುಲ್ಲಿನ ಮೇಲೆ ಬೆರಳುಗುರಿನಷ್ಟು ಉದ್ದದ ನಲವತ್ತು ಮೀನು. ತೊಟ್ಟಿಯ ಕೆಳಗೆ ನಿಲ್ಲಿಸಿದ್ದ ಸಿಲಿಂಡರಿನಿಂದ ಒಂದು ಕೊಳವೆ ಮೇಲೆ ಬಂದಿತ್ತು. ಅದರ ತುದಿಯಿಂದ ಗುಳ್ಳೆಗಳು ಒಂದೊಂದಾಗಿ, ಜಿಪುಣನ ಮುಷ್ಟಿಯಿಂದ ಕಾಸು ಬಿದ್ದ ಹಾಗೆ ಹೊರಡುತ್ತಿದ್ದವು.

ಗಾಳಿಯಲ್ಲೂ ಜಿಪುಣತನ ಎಂದುಕೊಂಡ ಶಿಂಗ್. ತನ್ನ ಡ್ರ್ಯಾಗನ್‌ನ ತೊಟ್ಟಿಯಲ್ಲಿ ಎರಡು ಮೋಟರು ಹಗಲೂ ರಾತ್ರಿ ಗಾಳಿ ಊದುತ್ತವೆ, ನೀರು ಕುದಿಯುವ ಹಾಗೆ ಕಾಣುತ್ತದೆ. ಅವನು ಬಗ್ಗಿ ಸಿಲಿಂಡರಿನ ತಿರುಪನ್ನು ಒಂದೂವರೆ ಸುತ್ತು ಬಿಚ್ಚಿದ. ಗುಳ್ಳೆಗಳು ಬುಸಬುಸನೆ ನುಗ್ಗಿದವು. ಮೀನುಗಳು ಅತ್ತಿಂದಿತ್ತ ಓಡಾಡತೊಡಗಿದವು. ಈಗ ಜೀವ ಬಂತು ನೋಡು ಎಂದು ಬೀಗ ಹಾಕಿಕೊಂಡು ಹೊರಟ. ಮಾರನೇ ದಿನ ದೊಡ್ಡ ಗಿರಾಕಿ ಬಂದಿದ್ದರಿಂದ ಹೋಗಲಾಗಲಿಲ್ಲ.

ಮೂರನೇ ದಿನ ಹೋದಾಗ ತೊಟ್ಟಿ ಎಂದೂ ಕಾಣದಷ್ಟು ಚಂದ ಕಾಣುತ್ತಿತ್ತು. ಪ್ರತಿ ಎಲೆಯ ಮೇಲೂ ಹೊಳೆಯುವ ಸಣ್ಣ ಗುಳ್ಳೆ, ಹುಲ್ಲು ನಾಲ್ಕು ಪಾಲು ಹಸಿರು. ಆ ಹಸಿರಿನ ಮೇಲೆ ನಲವತ್ತು ಮೀನೂ ಹೊಟ್ಟೆ ಮೇಲಾಗಿ ಬಿದ್ದಿದ್ದವು. ಶಿಂಗ್ ಕೂತು, ಕನ್ನಡಕ ಹಾಕಿಕೊಂಡು, ಸಿಲಿಂಡರಿನ ಮೇಲಿನ ಚೀಟಿಯನ್ನು ಆಗ ಮೊದಲ ಸಲ ಓದಿದ. ಅದು ಮೀನು ಉಸಿರಾಡುವ ಗಾಳಿಯಲ್ಲ, ಗಿಡಗಳು ಉಣ್ಣುವ ಗಾಳಿ. ಮನುಷ್ಯ ಒಳಗಿಟ್ಟುಕೊಳ್ಳಲಾರದೆ ಮೂಗಿನಿಂದ ಹೊರಹಾಕುವಂಥದ್ದು. ಅದನ್ನು ಅವನು ತೊಟ್ಟಿಗೆ ಎರಡು ದಿನ ಊದಿಸಿದ್ದ.

ಮೀನುಗಳನ್ನು ಬಳಿದು ಹಳೇ ಪೇಪರಿನಲ್ಲಿ ಸುತ್ತಿ ಮಹಡಿಯ ಕಸದ ಡಬ್ಬಿಗೆ ಹಾಕಿದ. ತಿರುಪನ್ನು ಅಂದಾಜಿನ ಮೇಲೆ ಮೊದಲಿದ್ದಲ್ಲಿಗೆ ತಂದಿಟ್ಟ. ಯಿಮ್ ಊರಿಂದ ಬಂದು ಚೀಲ ಕೆಳಗಿಡುವ ಮೊದಲೇ, "ನಿನ್ನ ಮೀನು ಹೋದ್ವಪ್ಪ. ಎರಡು ಡಾಲರ್ ಮೀನು ಎಷ್ಟು ದಿನ ಬಾಳುತ್ತೆ? ಜಾತಿ ಮೀನು ಸಾಕು ಅಂತ ಇಪ್ಪತ್ತು ವರ್ಷದಿಂದ ಬಡ್ಕೋತಿದೀನಿ" ಎಂದ.

ಯಿಮ್ ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. "ಹೌದಣ್ಣ, ಈ ಸಲ ಸೆಖೆ ಜಾಸ್ತಿ" ಎಂದು ಎದ್ದು, ಅಣ್ಣನಿಗೆ ಚಹಾ ಮಾಡಲು ಒಳಗೆ ಹೋದ.

*

ಚಿತಾಗಾರದಲ್ಲಿ ಗುಂಡಿ ಒತ್ತಬೇಕಾದವಳು ಹೋಯ್-ಯಾನ್. ಗಾಜಿನಾಚೆ ಪೆಟ್ಟಿಗೆ ಕಾದಿತ್ತು. ಬೆರಳಿಟ್ಟವಳು, "ಒತ್ಲಾ ದೊಡ್ಡಪ್ಪ?" ಎಂದು ತಿರುಗಿ ಕೇಳಿದಳು. ಇದನ್ನೂ ನನ್ನನ್ನೇ ಕೇಳಬೇಕೆ ಎಂದು ಸಿಡುಕಿದ ಶಿಂಗ್ ಒತ್ತು ಎಂದು ಗದ್ದ ಅಲ್ಲಾಡಿಸಿದ. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಹೋಗುವ ಹಾಗೆ ಯಿಮ್ ಪರದೆಯ ಆಚೆ ಹೋದ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಆಮೇಲೆ ಏಳು ಭಕ್ಷ್ಯದ ಸೂತಕದ ಊಟ. ಒದ್ದೆ ಕೂದಲಿನ ಮುದುಕಿ ಶಿಂಗ್‌ನ ಪಕ್ಕದ ಕುರ್ಚಿಗೇ ಬಂದು ಕೂತಳು. ಹೋ ಅಂತ ಅವಳ ಹೆಸರು. ಕೇಳದಿದ್ದರೂ ಯಿಮ್‌ನ ಪುರಾಣ ಬಿಚ್ಚಿದಳು. ದಿನಾ ಬೆಳಗ್ಗೆ ಹಲಗೆಯ ಮೇಲೆ ನೀರಿನ ಶಾಖ ಎಷ್ಟೆಂದು ಬರೆಯುವುದು ನಿಯಮವಂತೆ. ಯಿಮ್ ಅದರ ಕೆಳಗೆ, ಇವತ್ತು ತಣ್ಣಗಿದೆ, ಒಂದೊಂದೇ ಮೆಟ್ಟಿಲು ಇಳಿಯಿರಿ ಅಂತಲೂ ಬರೆಯುತ್ತಿದ್ದನಂತೆ. ಮೇಲಧಿಕಾರಿ ಬೈದರೆ ಅಳಿಸುತ್ತಿದ್ದ, ಮಾರನೇ ದಿನ ಮತ್ತೆ ಬರೆಯುತ್ತಿದ್ದ. ಶಿಂಗ್ ಆವಿಯಲ್ಲಿ ಬೆಂದ ಮೀನನ್ನು ಕೆದಕುತ್ತಾ, ಎರಡು ನಿಮಿಷ ಹೆಚ್ಚೇ ಬೇಯಿಸಿದ್ದಾರೆ ಎಂದ.

ಮುದುಕಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ನಾನು ಅರವತ್ತರಲ್ಲಿ ಈಜು ಕಲಿತೋಳು. ನಿಮ್ಮ ತಮ್ಮ ಆ ಗಾಜಿನ ನಳಿಕೆ ಹಿಡ್ಕೊಂಡು ಯಾವಾಗ್ಲೂ ನಾನಿದ್ದ ಕಡೆ ನೀರೇ ಪರೀಕ್ಷೆ ಮಾಡೋನು. ಈ ಮೂಲೆ ನೀರಲ್ಲಿ ಏನಪ್ಪಾ ಅಂಥದ್ದು ಅಂತ ನಂಗೂ ಗುಮಾನಿ. ಮೂರು ತಿಂಗಳಾದ್ಮೇಲೆ ತಿಳೀತು, ಮುಳುಗಿಬಿಡ್ತೀನಿ ಅಂತ ಕಾಯ್ತಿದ್ದ. ಹೇಳಿದ್ರೆ ನಾನು ನಾಚ್ಕೊಂಡು ಬರೋದು ಬಿಡ್ತೀನಿ ಅಂತ ಹೇಳಿರ್ಲಿಲ್ಲ."

ಸರ್ಕಾರದ ಸಂಬಳ ತಿಂದು ಮುದುಕಿಯರಿಗೆ ಕಾವಲು ನಿಂತಿದ್ದ ಎಂದುಕೊಂಡ ಶಿಂಗ್. ಚಹಾ ಕುಡಿದು ಹೋಯ್-ಯಾನ್‌ಳನ್ನು ಕರೆದ. ಹೇಗೂ ಸಾವಿನಿಂದ ನೇರ ಮನೆಗೆ ಹೋಗುವ ಹಾಗಿಲ್ಲ, ನಡುವೆ ಎಲ್ಲಾದರೂ ಒಂದು ಕಡೆ ಹೊಕ್ಕು ಹೊರಡಬೇಕು. ಮೀನಿನ ಬೀದಿಗೇ ಹೋಗೋಣ ಎಂದ.

*

ಆ ಬೀದಿಗೆ ಬಾ ಎಂದು ಯಿಮ್ ಅವನನ್ನು ಕರೆದಿದ್ದ. ಮೀನು ಸತ್ತು ಎರಡು ತಿಂಗಳಾಗಿತ್ತು. ಒಂದು ಶನಿವಾರ ಅಂಗಡಿಗೆ ಬಂದವನು ಎಂದಿನ ಹಾಗೆ ಬೀಟೆ ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದ. ಶಿಂಗ್ ಡ್ರ್ಯಾಗನ್‌ಗೆ ಊಟ ಹಾಕುತ್ತಿದ್ದ. ಊಟ ಎಂದರೆ ಜೀವಂತ ಸಣ್ಣ ಮೀನು, ಸೌಟಿನ ಲೆಕ್ಕದಲ್ಲಿ ಬರುವ ಮೇವು. ಒಂದು ಸೌಟು ಸುರಿದರೆ ಡ್ರ್ಯಾಗನ್ ತಿರುಗಿ ಎರಡು ಸಲ ಬಾಯಿ ತೆರೆದು ಮುಚ್ಚುತ್ತಿತ್ತು, ಉಳಿದವು ಗಾಜಿನ ಮೂಲೆಗೆ ಹೋಗಿ ಒತ್ತಿಕೊಳ್ಳುತ್ತಿದ್ದವು. ಗಿರಾಕಿಗಳು ಚಪ್ಪಾಳೆ ತಟ್ಟುತ್ತಿದ್ದರು.

"ಅಣ್ಣ, ನಾಳೆ ಬಿಡುವಿದ್ರೆ ಮೀನಿನ ಬೀದಿಗೆ ಬರ್ತೀಯಾ? ತೊಟ್ಟಿಗೆ ಮೀನು ಆರಿಸ್ಬೇಕು" ಎಂದ ಯಿಮ್.

ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಶಿಂಗ್ ನಕ್ಕ. "ನಿನ್ನ ಸೊಳ್ಳೆ ಆರಿಸೋಕೆ ನಾನು ಬರ್ಬೇಕಾ? ಕಣ್ಣು ಮುಚ್ಚಿ ಒಂದು ಹಿಡಿ ಹಿಡ್ಕೊಂಡು ಬಾ."

ನಿಜ ಹೇಳಬೇಕೆಂದರೆ ಅವನಿಗೆ ಭಯ. ಅಲ್ಲಿ ಯಾವನಾದರೂ ಅಂಗಡಿಯವನು ಮೀನು ಹೇಗೆ ಸತ್ತವು ಎಂದು ಕೇಳುತ್ತಾನೆ, ಇವನು ಹೇಳುತ್ತಾನೆ, ಅವನು ಒಂದೇ ಮಾತಿನಲ್ಲಿ ಸಿಲಿಂಡರ್ ಎನ್ನುತ್ತಾನೆ. ಯಿಮ್ ಮುಂದಿನ ತಿಂಗಳು ಮತ್ತೆ ಕೇಳಿದ, ಹೊಸ ವರ್ಷ ಕಳೆದ ಮೇಲೆ ಮತ್ತೆ ಕೇಳಿದ. ಪ್ರತಿ ಸಲವೂ ಒಂದು ಹೊಸ ಗೇಲಿ ಹೊತ್ತುಕೊಂಡು ಮನೆಗೆ ಹೋದ. ಅಷ್ಟರಲ್ಲಿ ಎದೆನೋವು ಬಂತು.

*

ಮೀನಿನ ಬೀದಿಯಲ್ಲಿ ಬೊಕ್ಕತಲೆಯ ಫೂನ ಅಂಗಡಿ ಶಿಂಗ್‌ನಿಗೆ ಹಳೆಯದು, ಡ್ರ್ಯಾಗನ್‌ನ ಮೇವು ಬರುತ್ತಿದ್ದದ್ದು ಅಲ್ಲಿಂದಲೇ. ಬಾಗಿಲಿಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ತೋರಣದ ಹಾಗೆ ಕಟ್ಟಿದ್ದರು, ಪ್ರತಿ ಚೀಲದಲ್ಲೂ ನಾಲ್ಕೈದು ಮೀನು. ದೊಡ್ಡಪ್ಪ ಮಗಳಿಬ್ಬರ ಕರಿ ಬಟ್ಟೆ ನೋಡಿ ಫೂ ಎರಡು ಹೆಜ್ಜೆ ಹಿಂದೆ ಸರಿದ. ಸಾವಿನ ಮೈಲಿಗೆ ಅಂಗಡಿಗೆ ಬೇಡ ಎಂದು ಅವನ ಮುಖವೇ ಹೇಳುತ್ತಿತ್ತು. ಹಳೇ ಗಿರಾಕಿಯಾದ್ದರಿಂದ ಬಾಯಿ ಬಿಡಲಿಲ್ಲ.

ಶಿಂಗ್ ಮೊದಲು ತಟ್ಟೆಯಗಲದ ನೀಲಿ ಮೀನುಗಳ ಮುಂದೆ ನಿಂತ. ಬೆಲೆಯುಳ್ಳವು, ನೆಂಟರು ಬಂದರೆ ಬಾಗಿಲಿನಿಂದಲೇ ಕಾಣುವಂಥವು. ಇವು ಒಂದು ಜತೆ ಕೊಡು ಎಂದ.

"ಅಪ್ಪ ಇಂಥವು ಇಡ್ತಿರ್ಲಿಲ್ಲ ದೊಡ್ಡಪ್ಪ. ಹುಲ್ಲೆಲ್ಲ ಕಿತ್ತಾಕ್ತವೆ ಅನ್ನೋರು" ಎಂದಳು ಹೋಯ್-ಯಾನ್.

"ನಿಮ್ಮಪ್ಪನಿಗೆ ಏನು ಗೊತ್ತಿತ್ತು? ಜೀವಮಾನವೆಲ್ಲ ಹುಲ್ಲು ಕಾದ."

ಫೂ ಕಿವಿ ನಿಮಿರಿಸಿದ. ಹುಲ್ಲಿನ ತೊಟ್ಟಿಯವರಾ, ಈಜುಕೊಳದ ಯಿಮ್ ಅವರಾ ಎಂದು ಹುಡುಗಿಯನ್ನು ಕೇಳಿದ. ಅವಳು ಹೌದೆಂದಳು. ಫೂ ಬೊಕ್ಕ ತಲೆಯ ಮೇಲೆ ಒಂದು ಸಲ ಕೈಯಾಡಿಸಿ, ಸ್ಟೂಲು ಎಳೆದು ಕೂತ. ಮೈಲಿಗೆಯನ್ನು ಮರೆತೇಬಿಟ್ಟ. ಎಷ್ಟೋ ತಿಂಗಳು ಪ್ರತಿ ಭಾನುವಾರ ಬರುತ್ತಿದ್ದರು, ಒಂದು ಮೀನೂ ಕೊಂಡವರಲ್ಲ ಎಂದ.

"ಅವನ ಬುದ್ಧಿಯೇ ಅಷ್ಟು. ಕಾಸು ಬಿಚ್ಚೋನಲ್ಲ" ಎಂದ ಶಿಂಗ್.

"ಕಾಸಿನ ಮಾತಲ್ಲ ಯಜಮಾನ್ರೇ. ನಾನೇ ಪುಕ್ಕಟೆ ಕೊಡ್ತೀನಿ ಅಂದಿದ್ದೆ. ಅದೋ ಅಲ್ಲಿ ನಿಂತ್ಕೊಳ್ಳೋರು."

ಫೂ ತೋರಿಸಿದ್ದು ಅಂಗಡಿಯ ಹಿಂಭಾಗದ ನೆಲಮಟ್ಟದ ತೊಟ್ಟಿಯನ್ನು. ಅದಕ್ಕೆ ದೀಪವೂ ಇಲ್ಲ, ಹೆಸರಿನ ಚೀಟಿಯೂ ಇಲ್ಲ. ಮೇವಿನ ಮೀನಿನ ತೊಟ್ಟಿ. ಶಿಂಗ್‌ಗೆ ವಾರಕ್ಕೆರಡು ಸಲ ಮೂರು ಸೌಟು ತುಂಬಿಕೊಡುತ್ತಿದ್ದದ್ದು ಅದರಿಂದಲೇ.

"ಇದೇನು ನೋಡ್ತೀರಿ, ಇದು ಡ್ರ್ಯಾಗನ್ ತಿನ್ನೋದು ಅಂತ ನಾನು ಹೇಳ್ದೆ. ಗೊತ್ತು, ನಮ್ಮಣ್ಣ ಇಲ್ಲಿಂದ್ಲೇ ತಗೊಳ್ಳೋದು ಅಂದ್ರು. ಅಣ್ಣನ್ನ ಒಂದಿನ ಕರ್ಕೊಂಡು ಬರ್ತೀನಿ, ಅವನೇ ಆರಿಸ್ಲಿ ಅಂತ ಕಾಯ್ತಿದೀನಿ ಅಂದ್ರು. ನೀವೇ ಆರಿಸ್ಕೊಂಡ್ರೆ ಏನಾಗುತ್ತೆ ಅಂದ್ರೆ ನಗೋರು. ನಾನು ಆರಿಸಿದ್ರೆ ಅಣ್ಣ ಬೈತಾನೆ, ಅವನೇ ಆರಿಸಿದ್ರೆ ಬೈಯೋಕಾಗಲ್ಲ, ಹೆಂಗಿದಾವೆ ಅಂತ ನೋಡೋಕೆ ವಾರಕ್ಕೊಂದ್ಸಲ ಮನೆಗೆ ಬರ್ತಾನೆ ಅನ್ನೋರು."

ತಮ್ಮನ ಮನೆಗೆ ಶಿಂಗ್ ಹೋಗುತ್ತಿದ್ದದ್ದು ವರ್ಷಕ್ಕೆ ಎರಡು ಸಲ, ಹೋದರೆ ಅರ್ಧ ಗಂಟೆ. ಆ ಅರ್ಧ ಗಂಟೆಯೂ ತೊಟ್ಟಿಯನ್ನು ಬೈಯುವುದಕ್ಕೇ ಸರಿಹೋಗುತ್ತಿತ್ತು.

ಅವನು ಹಿಂಭಾಗಕ್ಕೆ ಹೋಗಿ ಆ ತೊಟ್ಟಿಯ ಮುಂದೆ ಬಗ್ಗಿದ. ಮೊದಲು ಕಂಡದ್ದು ಬೂದು ಬಣ್ಣದ ಒಂದು ಮುದ್ದೆ. ಕನ್ನಡಕ ಒರೆಸಿ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಮುದ್ದೆ ಬಿಡಿಬಿಡಿಯಾಯಿತು. ಮೈಯುದ್ದಕ್ಕೂ ಸೂಜಿದಾರದಷ್ಟು ತೆಳುವಾದ ಬೆಳ್ಳಿಗೆರೆ, ಬಾಲದ ಬುಡದಲ್ಲಿ ಶಾಯಿ ತಾಗಿದಷ್ಟು ಕೆಂಪು. ಇವಕ್ಕೆ ಬಣ್ಣವಿದೆ ಎಂಬುದು ಅವನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಲಕ್ಷಗಟ್ಟಲೆ ಸುರಿದಿರಬೇಕು, ಒಂದರ ಮುಖವನ್ನೂ ನೋಡಿದವನಲ್ಲ.

ಫೂ ಸೌಟು ತಂದ. ಒಂದು ಸೌಟು ಸಾಕಲ್ಲ ಎಂದ.

"ಸೌಟು ಬೇಡ, ಬಲೆ ತಗೊಂಡು ಬಾ. ನಾನು ಹೇಳಿದ್ದನ್ನ ಮಾತ್ರ ಹಿಡಿ."

"ಈ ತೊಟ್ಟೀಲಿ ಯಾರೂ ಆರಿಸಲ್ಲ ಯಜಮಾನ್ರೇ."

"ನಾನು ಆರಿಸ್ತಿದೀನಿ."

ಫೂಗೆ ಆ ಮಧ್ಯಾಹ್ನ ಮರೆಯುವಂಥದ್ದಲ್ಲ. ಕರಿ ಕೋಟು ಹಾಕಿದ ಮುದುಕ ಗಾಜಿಗೆ ಬೆರಳು ಒತ್ತಿ, ಅದಲ್ಲ ಅದರ ಹಿಂದಿನದು, ಅದಕ್ಕೆ ರೆಕ್ಕೆ ಹರಿದಿದೆ, ಇದು ಊಟ ಬಿಟ್ಟಿದೆ, ಅಲ್ಲಿ ಮೂಲೆಯಲ್ಲಿ ಒಂಟಿಯಾಗಿ ನಿಂತಿದೆಯಲ್ಲ ಅದು ಎಂದು ಒಂದೊಂದಾಗಿ ಹಿಡಿಸುತ್ತಿದ್ದ. 'ಅದು' ಎಂದದ್ದು ಗುಂಪಿನಲ್ಲಿ ಕಳೆದುಹೋದರೆ ಇನ್ನೊಂದಕ್ಕೆ ಒಪ್ಪುತ್ತಿರಲಿಲ್ಲ, ಮತ್ತೆ ಸಿಗುವವರೆಗೂ ಕಾಯಿಸುತ್ತಿದ್ದ. ಹೋಯ್-ಯಾನ್ ಚೀಲ ಹಿಡಿದು ನಿಂತಿದ್ದಳು. ಹದಿನಾರನೆಯದಕ್ಕೆ ಫೂ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ತಾನು ಮೂವತ್ತು ವರ್ಷದಲ್ಲಿ ಡ್ರ್ಯಾಗನ್ ಮೀನು ಮಾರುವಾಗಲೂ ಇಷ್ಟು ಹೊತ್ತು ನಿಂತಿರಲಿಲ್ಲ ಎಂದ. ಶಿಂಗ್ ಇನ್ನೂ ಎರಡು ಹಿಡಿಸಿದ.

*

ಮನೆಯ ಬಾಗಿಲಲ್ಲಿ ಚಕ್ಕೋತದ ಎಲೆ ಹಾಕಿದ ನೀರಿನ ಬೋಗುಣಿ ಇಟ್ಟಿದ್ದರು. ಸಾವಿನ ಮೈಲಿಗೆ ತೊಳೆದುಕೊಂಡು ಶಿಂಗ್ ಒಳಗೆ ಬಂದ. ಮೇಜಿನ ಮೇಲೆ ಯಿಮ್‌ನ ಪಾಲಿನ ಅನ್ನದ ಬಟ್ಟಲು, ಕಡ್ಡಿ, ಲೋಟ ಎಲ್ಲ ಸಿದ್ಧವಾಗಿತ್ತು. ತೊಟ್ಟಿಯ ದೀಪ ಉರಿಯುತ್ತಿತ್ತು, ಒಂದು ವರ್ಷ ಯಾರೂ ತುಳಿಯದ ಬಯಲಿನಂತೆ ಹುಲ್ಲು ದಟ್ಟವಾಗಿ ಬೆಳೆದಿತ್ತು. ಮೀನೇ ಇಲ್ಲದ ಹುಲ್ಲಿಗೆ ದಿನಾ ಬೆಳಗ್ಗೆ ಗ್ಯಾಸ್ ಬಿಟ್ಟು, ಸಂಜೆ ದೀಪ ಆರಿಸುವಾಗ ಮುಚ್ಚಿ, ಯಿಮ್ ಅದನ್ನು ಸಾಕಿದ್ದ. ಅವನು ಆಸ್ಪತ್ರೆ ಸೇರಿದ ಮೇಲೆ ಸೌ-ಹಾ ಸಾಕಿದ್ದಳು.

ನೀರಿನ ಶಾಖ ಹೊಂದಿಕೊಳ್ಳಲೆಂದು ಶಿಂಗ್ ಚೀಲವನ್ನು ಬಿಚ್ಚದೆ ತೊಟ್ಟಿಯಲ್ಲಿ ತೇಲಿಬಿಟ್ಟ. ಅರ್ಧ ಗಂಟೆಯಾದ ಮೇಲೆ ಚೀಲದ ಬಾಯಿ ಬಿಚ್ಚಿ ಓರೆ ಮಾಡಿದ. ಹದಿನೆಂಟು ಮೀನೂ ಒಂದೇ ಗಳಿಗೆಯಲ್ಲಿ ಹುಲ್ಲಿನೊಳಗೆ ನುಸುಳಿ ಮಾಯವಾದವು. ತೊಟ್ಟಿ ಮೊದಲಿನ ಹಾಗೆಯೇ ಖಾಲಿ ಕಂಡಿತು. ಸೌ-ಹಾ ಅಡುಗೆಮನೆಯಿಂದ ಇಣುಕಿ, ಎಲ್ಲಿ ಭಾವ, ತಂದಿದ್ದು ಎಂದಳು.

"ಇದಾವೆ. ಹೆದರಿದಾವೆ" ಎಂದ ಶಿಂಗ್. ತನ್ನ ದನಿ ತನಗೇ ಹೊಸದೆನಿಸಿತು.

ಅವಳು ಬಂದು ಪಕ್ಕದಲ್ಲಿ ನಿಂತಳು. ಇಬ್ಬರೂ ನೋಡಿದರು. ತುಂಬಾ ಹೊತ್ತಾದ ಮೇಲೆ ಪಾಚಿಯ ಗುಡ್ಡದ ಹಿಂದಿನಿಂದ ಒಂದು ಕೆಂಪು ಬಾಲ ಕಾಣಿಸಿಕೊಂಡು ಮತ್ತೆ ಒಳಗೆ ಹೋಯಿತು. ಶಿಂಗ್‌ಗೆ ಹೇಳಬೇಕೆನಿಸಿತು. ಹೇಳದೆ ಇದ್ದರೆ ಈ ಮೀನು ತಂದದ್ದಕ್ಕೆ ಅರ್ಥವಿಲ್ಲ ಎನಿಸಿತು.

"ಸೌ-ಹಾ, ಹೋದ ವರ್ಷ ಆ ಮೀನು ಸತ್ವಲ್ಲ."

"ಸೆಖೆಗಲ್ಲ ಭಾವ, ಗೊತ್ತು" ಎಂದಳು ಅವಳು, ತೊಟ್ಟಿಯಿಂದ ಕಣ್ಣು ತೆಗೆಯದೆ. "ಗಾಳಿ ಅಂದ್ಕೊಂಡು ತಿರುಗಿಸಿಬಿಟ್ರಿ. ಅವ್ರಿಗೆ ಬಂದ ತಕ್ಷಣವೇ ತಿಳೀತು. ಸಿಲಿಂಡರ್ ಪೂರ್ತಿ ಖಾಲಿ ಆಗಿತ್ತಲ್ಲ."

ಶಿಂಗ್ ತಿರುಪನ್ನು ಮಾತ್ರ ಸರಿಮಾಡಿಟ್ಟಿದ್ದ. ಸಿಲಿಂಡರ್ ಖಾಲಿಯಾಗುತ್ತದೆ ಎಂಬ ವಿಚಾರವೇ ಅವನಿಗೆ ಹೊಳೆದಿರಲಿಲ್ಲ. ಒಂದು ವರ್ಷ ತಾನು ಬಚ್ಚಿಟ್ಟದ್ದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಾನು ಎರಡು ಡಾಲರ್ ಮೀನು ಎಂದು ಮೂದಲಿಸುವಾಗಲೆಲ್ಲ ಇವರು ಸುಮ್ಮನೆ ಕೇಳಿಸಿಕೊಂಡಿದ್ದರು. ಅವನಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ತಮ್ಮನ ಮೇಲೆ ಸಿಟ್ಟೂ ಬಂತು. ಒಂದು ಸಲ ಬೈದಿದ್ದರೆ ಸಾಕಿತ್ತು.

"ಮತ್ತೆ ಯಾಕೆ ಕೇಳ್ಲಿಲ್ಲ?" ಎಂದ.

"ನಾನು ಕೇಳ್ತೀನಿ ಅಂದಿದ್ದೆ, ಬಿಡ್ಲಿಲ್ಲ. ಮೀನು ಇನ್ನೂ ಸಿಗ್ತವೆ. ಕೇಳಿದ್ರೆ ಅಣ್ಣ ಈ ಕಡೆ ತಲೆ ಹಾಕಲ್ಲ ಅಂದ್ರು."

ಒಳಗಿನಿಂದ ಹೋಯ್-ಯಾನ್ ಅಮ್ಮನನ್ನು ಕರೆದಳು. ಗಂಟೆ ಏಳೂವರೆಯಾಗಿತ್ತು. ತೊಟ್ಟಿಯ ದೀಪ ಆರಿಸುವ ಹೊತ್ತು. ದೀಪ ಆರಿದರೆ ಗಿಡ ಗ್ಯಾಸ್ ಉಣ್ಣುವುದಿಲ್ಲ, ಮುಚ್ಚದಿದ್ದರೆ ಬೆಳಗಾಗುವುದರೊಳಗೆ ಮೀನು ಉಳಿಯುವುದಿಲ್ಲ. ಸೌ-ಹಾ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅಡುಗೆಬಟ್ಟೆಯಲ್ಲಿ ಕೈ ಒರೆಸಿಕೊಂಡು, "ಇವತ್ತು ನೀವೇ ಮುಚ್ಚಿ ಭಾವ" ಎಂದಳು.

ಶಿಂಗ್ ತೊಟ್ಟಿಯ ಕೆಳಗಿನ ಬೀರುವಿನ ಬಾಗಿಲು ತೆರೆದು ಸಿಲಿಂಡರಿನ ತಿರುಪಿಗೆ ಬೆರಳು ಕೊಟ್ಟ. ಕಬ್ಬಿಣ ತಣ್ಣಗಿತ್ತು. ಯಾವ ಕಡೆ ತಿರುಗಿಸಿದರೆ ತೆರೆಯುತ್ತದೆ, ಯಾವ ಕಡೆಗೆ ಮುಚ್ಚುತ್ತದೆ ಎಂಬುದು ಅವನಿಗೆ ತಿಳಿಯದ್ದೇನಲ್ಲ.

"ಯಾವ ಕಡೆಗೆ?" ಎಂದು ಕೇಳಿದ.

"ಬಲಕ್ಕೆ."

ಅವನು ಬಲಕ್ಕೆ ತಿರುಗಿಸಿದ. ಗುಳ್ಳೆಗಳು ದೂರ ದೂರವಾಗಿ, ಕೊನೆಗೆ ನಿಂತವು. ಸೌ-ಹಾ ದೀಪ ಆರಿಸಿದಳು. ಕತ್ತಲಾದ ಗಾಜಿನೊಳಗೆ ಏನೂ ಕಾಣಿಸಲಿಲ್ಲ.

"ಮುಚ್ಚಿತಾ?" ಎಂದ ಶಿಂಗ್.

"ಮುಚ್ಚಿದೆ ಭಾವ, ಏಳಿ. ಊಟಕ್ಕೆ ಬನ್ನಿ."

ಅವಳು ಒಳಗೆ ಹೋದಳು. ಬಟ್ಟಲುಗಳ ಸದ್ದು ಕೇಳಿಸಿತು, ಯಾರೋ ಕುರ್ಚಿ ಎಳೆದರು. ಶಿಂಗ್ ಕತ್ತಲಲ್ಲಿ ಬಗ್ಗಿಕೊಂಡೇ ಇದ್ದ. ಅವನ ಬೆರಳುಗಳು ಇನ್ನೂ ತಿರುಪಿನ ಮೇಲೇ ಇದ್ದವು.